ಹೆಂಡ್ರಿಗೆ ಬೇಕಿತ್ತು

ನೂರುಲ್ಲಾ ಸಾಹೇಬರ ಫ್ಯಾನ್ಸಿ ಸ್ಟೋರಿನಲ್ಲಿ
ಒಂಬತ್ತು ವರ್ಷದಿಂದ ನಿಂತಿದ್ದೇನೆ,
ಮಂಡ್ಯದ ಪೇಟೆಬೀದಿಯ ಧೂಳಿಗೂ
ಗಾಜಿನ ಕಪಾಟಿಗೂ ನಡುವೆ.
ಬಂದವರ ಹೆಸರು ನನಗೆ ನಿಲ್ಲುವುದಿಲ್ಲ.
ಚರ್ಮ ನಿಲ್ಲುತ್ತದೆ.

ಬೋಂಡ ಸುತ್ತಿದ ಕಾಗದದ ಹಾಗೆ
ಹನ್ನೊಂದಕ್ಕೇ ಹಣೆ ಮಿರುಗುವ ಕಾಲೇಜು ಹುಡುಗಿಯರು
"ಅಕ್ಕಾ, ಮೊದ್ಲೇ ಜಿಡ್ಡು, ಮೇಲೆ ಇದ್ಯಾಕೆ?" ಅನ್ನುತ್ತಾರೆ.
ಜಿಡ್ಡು ಬೇರೆ ಕಣಮ್ಮ, ನೀರು ಬೇರೆ.
ಎಣ್ಣೆಗಾಣದ ಪಕ್ಕದಲ್ಲೇ ಮಲಗಿದರೂ ಬಾಯಾರುತ್ತದೆ.
ಅವರಿಗೆ ಜೆಲ್ಲು: ಬೆರಳ ಮೇಲಿಟ್ಟರೆ
ತಾಟಿನುಂಗಿನ ತಿರುಳಿನಂತೆ ನಡುಗುವುದು.

ಕೆನ್ನೆ ಒಂದೂರು, ಮೂಗು ಇನ್ನೊಂದೂರು,
ಅಂಥವರೂ ಬರುತ್ತಾರೆ.
ನಾಲೆಯ ತಲೆಗದ್ದೆಯಲ್ಲಿ ಜವುಗು,
ಕೊನೆಗದ್ದೆಯಲ್ಲಿ ಬಿರುಕು.
ಒಂದೇ ಅಳತೆಯ ನೀರು ಎರಡಕ್ಕೂ ಒಗ್ಗದು.
ಕೆನ್ನೆಗೆ ಎರಡು ಸಲ ಹಚ್ಚಿ,
ಮೂಗಿಗೆ ಸೋಕಿಸಿ ಬಿಡಿ, ಅನ್ನುತ್ತೇನೆ.

ತಹಸೀನಾ ಟೀಚರಿಗೆ ಸುವಾಸನೆಯೇ ಶತ್ರು.
ಮಲ್ಲಿಗೆಗೂ ಕೆಂಪು, ಗುಲಾಬಿಗೂ ಕೆಂಪು.
"ಇರೋದ್ರಲ್ಲಿ ದುಬಾರಿದೇ ಕೊಡಮ್ಮ" ಅಂದರು ಒಮ್ಮೆ, ಸೋತು.
ಅಳತೆ ತಪ್ಪಿದ ಚಪ್ಪಲಿ
ಬೆಳ್ಳಿಯದಾದರೂ ಕಚ್ಚುತ್ತದೆ ಮೇಡಂ.
ವಾಸನೆಯೇ ಇಲ್ಲದ ಬಿಳಿ ಟ್ಯೂಬು ತೆಗೆದು
ಕಿವಿಯ ಹಿಂದೆ ಒಂದು ಚುಕ್ಕೆ ಇಟ್ಟು ಕಳಿಸಿದೆ,
"ಎರಡು ರಾತ್ರಿ ಕಾಯಿರಿ, ಉರಿಯದಿದ್ದರೆ ಬನ್ನಿ."
ಗಲ್ಲಾಪೆಟ್ಟಿಗೆಯ ಹಿಂದಿನಿಂದ ಸಾಹೇಬರು ಗೊಣಗಿದರು:
"ವ್ಯಾಪಾರ ಎರಡು ರಾತ್ರಿ ಕಾಯುತ್ತದೇನಮ್ಮಾ?"

ಬೆಳ್ಳಗೆ ಮಾಡುವ ಡಬ್ಬಗಳು ಮೇಲಿನ ಹಲಗೆಯಲ್ಲಿವೆ.
ಕೇಳಿದವರಿಗೆ "ಸ್ಟೂಲು ಮುರಿದಿದೆ" ಅನ್ನುತ್ತೇನೆ.
ಅದರ ಮೇಲೆ ನನ್ನ ಊಟದ ಡಬ್ಬಿ ಕೂತಿರುತ್ತದೆ, ಗಟ್ಟಿಯಾಗಿ.

ಹೋದ ಕಾರ್ತಿಕದಲ್ಲಿ ಒಬ್ಬ ಬಂದ,
ಸಕ್ಕರೆ ಕಾರ್ಖಾನೆಯ ಬಾಯ್ಲರಿನವನು,
ಅಂಗಿಯಲ್ಲಿ ಕಬ್ಬಿನಹಾಲಿನ ಹುಳಿವಾಸನೆ.
ಬಳೆ ಕೊಳ್ಳುವ ಹೆಂಗಸರು ಹೋಗಲಿ ಎಂದು
ಹೊರಗೆ ಎರಡು ಬೀಡಿ ಮುಗಿಸಿ ಒಳಬಂದ.
"ಹೆಂಡ್ರಿಗೆ ಬೇಕಿತ್ತು, ಮೊಕುಕ್ಕೆ."
ಅಕ್ಕನ ಚರ್ಮ ಹೆಂಗಣ್ಣ?
ತನ್ನ ಕೆನ್ನೆಯನ್ನೇ ಸವರಿಕೊಂಡು "ಇಂಗೇ" ಅಂದ,
"ಬೆಂಕಿ ಮುಂದೆ ನಿಂತಂಗೆ ಬಿಗೀತದೆ.
ನಕ್ರೆ ಸೀಳ್ತದೆ."
ನಾನು ನಗಲಿಲ್ಲ.
ದಪ್ಪ ಕ್ರೀಮಿನ ಡಬ್ಬ ಇಟ್ಟು ಹೇಳಿಕೊಟ್ಟೆ:
ಅಕ್ಕನಿಗೆ ಹೇಳಿ, ಸುಡುನೀರು ಬೇಡ.
ಮುಖ ಪೂರ್ತಿ ಒರೆಸಬಾರದು, ಒಸಿ ಒದ್ದೆ ಇರುವಾಗಲೇ
ಹುರಿಗಡಲೆಯಷ್ಟು ತೆಗೆದು ಐದು ಕಡೆ ಬೊಟ್ಟಿಟ್ಟು
ಮೆಲ್ಲಗೆ ಒತ್ತಬೇಕು. ಉಜ್ಜೋದಕ್ಕೆ ಅದು ಪಾತ್ರೆಯಲ್ಲ.
ಕುತ್ತಿಗೆ ಮರೆಯಬಾರದು.
ಆತ ತುಟಿಯೊಳಗೇ ಎಣಿಸಿದ:
ಹಣೆ, ಎರಡು ಕೆನ್ನೆ, ಮೂಗು, ಗದ್ದ.
"ಮೀಸೆ ಇದ್ರೆ?" ಅಂದುಬಿಟ್ಟ.
ಇಬ್ಬರೂ ಬಳೆಗಳ ಕಡೆ ನೋಡಿದೆವು.

ಸಂಕ್ರಾಂತಿ ಕಳೆದ ಮೇಲೆ ಆ ಅಕ್ಕನೇ ಬಂದಳು,
ಖಾಲಿ ಡಬ್ಬವನ್ನು ಗಾಜಿನ ಮೇಲೆ ಕುಕ್ಕಿದಳು.
ಗದ್ದದ ತುಂಬ ಮೊಡವೆ.
"ನಂಗೇಂತ ತಂದ್ರು, ನಾನೂ ಹಚ್ಕಂಡೆ,
ನನ್ ಮೊಕ ಮೊದ್ಲೇ ಎಣ್ಣೆ ಬಾಂಡ್ಲಿ.
ಅವ್ರು ಮಾತ್ರ ಬಾಗ್ಲು ಹಾಕ್ಕಂಡು ಹಚ್ಕಂಡು ಹಚ್ಕಂಡು
ಮದ್ವೆಗಂಡಿನಂಗವ್ರೆ."
ಜೆಲ್ಲು ಕೊಟ್ಟೆ. ಚಿಲ್ಲರೆ ಎಣಿಸಿಕೊಂಡು
ಮೆಟ್ಟಿಲಿಳಿದವಳು ತಿರುಗಿ ಬಂದಳು,
ಸೆರಗಿನ ಗಂಟನ್ನು ಮತ್ತೆ ಬಿಚ್ಚುತ್ತ:
"ಆ ದಪ್ಪದ್ದೂ ಒಂದು ಕೊಡವ್ವ."

ಯಾರಿಗೆ ಅಂತ ನಾನು ಕೇಳಲಿಲ್ಲ.
"ನಮ್ಮಕ್ಕಂಗೆ" ಅಂದಳು, ತಾನಾಗಿಯೇ.