ಕಡತದಲ್ಲಿರಲಿ

ನಾನು ಶೀಘ್ರಲಿಪಿಕಾರ್ತಿ. ಇಪ್ಪತ್ತೊಂಬತ್ತು ವರ್ಷ
ಸದನದ ನಡುವಿನ ಮೇಜಿಗೆ ಕೂತು
ಹತ್ತು ಹತ್ತು ನಿಮಿಷದ ಮಾತು ಹಿಡಿದು ಎದ್ದುಹೋದವಳು.
ಈಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ
ದರ್ಜಿ ಅಂಗಡಿಯ ಮಾಳಿಗೆ ಮೇಲೆ
ಬೆರಳ ಗೆಣ್ಣಿಗೆ ಎಣ್ಣೆ ತಿಕ್ಕುತ್ತ ಇರುತ್ತೇನೆ.

ಬೆಳ್ಳಕ್ಕನ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದರು
ಹೊಸನಗರದಿಂದ ಬಂದ ಹುಡುಗಿಯರು.
ಹಾಸ್ಟೆಲಿಗೆ ಅವರ ಹೆಸರಿಡುತ್ತಾರಂತೆ.
ನನ್ನದೇ ಮಾತು ಬರೆದು ನನಗೆ ರೂಢಿಯಿಲ್ಲ.

ಹಾಗಾಗಿ ಅವರು ಆಡಿದ್ದು:

"ನಮ್ಮವ್ವ ಸೀಗೆಕಾಯಿ ತರೋಳು, ಉಪ್ಪಾಗೆ ತರೋಳು.
ಅಂಗಡಿ ತಕ್ಕಡೀಲಿ ಹತ್ತು ಕೇಜಿ ಒಂಬತ್ತಾಗೋದು.
ಒಂದಿನ ಬಟ್ಟಿನ ತಟ್ಟೆ ಮಗುಚಿ ನೋಡಿದೆ.
ತಳದಲ್ಲಿ ಸೀಸ, ನಿಂಬೆಹಣ್ಣಿನಷ್ಟು.
ಅವತ್ತೇ ಸ್ವಾಮಿ ನಾನು ರಾಜಕೀಯಕ್ಕೆ ಬಂದಿದ್ದು.
ಟಿಕೀಟು ಸಿಕ್ಕಿದ್ದು ಎಷ್ಟೋ ವರ್ಷ ಆದಮೇಲೆ."

ಹಸಲರ ಹೆಣ್ಣು. ಅವರ ಕೇರಿಯಿಂದ ಆ ಸದನಕ್ಕೆ
ಅಲ್ಲಿಯವರೆಗೆ ಹೋಗಿದ್ದು ಬುಟ್ಟಿ ಮಾತ್ರ,
ಹರಿದ ಕಾಗದ ತುಂಬಲು.
ಇದನ್ನು ಅವರು ಹೇಳಿದ್ದು ಮೊಗಸಾಲೆಯಲ್ಲಿ,
ಆದ್ದರಿಂದ ಕಡತದಲ್ಲಿಲ್ಲ.

ಮೊದಲ ಅಧಿವೇಶನ. ಕೇರಿಗೊಂದು ಬಾವಿ ಬೇಕೆಂದು ಎದ್ದರು.
ಹಿಂದಿನ ಸಾಲಿನಿಂದ ಯಾರೋ,
"ಮೈಕು ಮುಟ್ಟಬೇಡಿ ಅಮ್ಮಾ, ಅದು ತಾನೇ ಹಿಡಿಯುತ್ತೆ."
ಬೆಳ್ಳಕ್ಕ ಮುಟ್ಟಿದರು.
ಮುಟ್ಟಿ, ತಮ್ಮ ಬಾಯಿಯೆತ್ತರಕ್ಕೆ ಬಗ್ಗಿಸಿಕೊಂಡು,
"ಕೆಟ್ಟಿತಾ? ನೋಡಿ ಹೇಳಿ" ಎಂದರು.

ನಾನು ಬರೆದುಕೊಂಡೆ: (ನಗು).

ನಮ್ಮ ಗೆರೆಗಳಿಗೆ ನಗುವಿನ ಬಗೆ ತಿಳಿಯದು.
ಯಾವ ಸಾಲಿನಿಂದ ಹೊರಟಿತು, ಯಾರ ಮೇಲೆ ಬಿತ್ತು,
ಎಲ್ಲವನ್ನೂ ಒಂದೇ ಕಂಸದೊಳಗೆ ಕೂಡಿಹಾಕಬೇಕು.
ಕಂಸನ ಸೆರೆಮನೆಯಲ್ಲಾದರೂ
ಹುಟ್ಟಿದ್ದು ಯಾರೆಂದು ಲೆಕ್ಕ ಇಟ್ಟಿದ್ದರು.

ಬಾವಿ ಬಂತು, ಆರು ವರ್ಷಕ್ಕೆ.
ತೂಕ ಅಳತೆಯ ಮೇಲೆ ತಿದ್ದುಪಡಿ ತಂದರು, ಬಿದ್ದುಹೋಯಿತು.
ಮತ್ತೆ ತಂದರು.
ಹಾಸ್ಟೆಲಿನ ಅನ್ನದಲ್ಲಿ ಹುಳ ಎಂದು
ಅನ್ನವನ್ನೇ ಸೆರಗಿನಲ್ಲಿ ಕಟ್ಟಿ ತಂದು ಮೇಜಿನ ಮೇಲೆ ಬಿಚ್ಚಿದರು,
ನನ್ನ ಪುಸ್ತಕದ ಅಂಚಿಗೆ ಎರಡು ಅಗುಳು ಅಂಟಿತು.
ಮಂತ್ರಿಯಾಗಲಿಲ್ಲ. ಆಗುತ್ತಾರೆಂದು ಊರಿನವರು ಎರಡು ಸಲ
ವ್ಯಾನು ಮಾಡಿಕೊಂಡು ಬಂದು
ರಾತ್ರಿ ಹಾಗೇ ತಿರುಗಿ ಘಟ್ಟ ಹತ್ತಿದರು.

ಮೂರನೆಯ ಅವಧಿ. ಒಂದು ಮಧ್ಯಾಹ್ನ
ಸಭಾಧ್ಯಕ್ಷರ ಬದಲು ಪೀಠದಲ್ಲಿ ಬೆಳ್ಳಕ್ಕ.
ಒಬ್ಬ ಸದಸ್ಯರು ಅವರ ಜಾತಿ ಹಿಡಿದು ಒಂದು ಮಾತೆಂದರು.
"ತೆಗೆಸಿ, ಕಡತದಿಂದ ತೆಗೆಸಿ" ಎಂದು
ಅವರ ಕಡೆಯವರೇ ಎದ್ದರು.
ನನ್ನ ಪೆನ್ಸಿಲು ಅಡ್ಡಗೆರೆಗೆ ತಯಾರಾಗಿತ್ತು.

ಬೆಳ್ಳಕ್ಕ ಗಂಟೆ ಒತ್ತಿದರು.
"ಇರಲಿ. ಅಂದಿದ್ದು ಅಂದಹಾಗೇ ಇರಲಿ.
ತೆಗೆದರೆ ನಾಳೆ, ಯಾರೂ ಅನ್ನಲೇ ಇಲ್ಲ ಅಂತೀರಿ.
ಕೂತ್ಕೊಳ್ಳಿ. ಮುಂದಿನ ಪ್ರಶ್ನೆ."

ಇದೆ. ನಾನೂರ ಹದಿನೇಳನೆಯ ಪುಟ.

ಐದನೆಯ ಚುನಾವಣೆಯಲ್ಲಿ ಇನ್ನೂರ ಆರು ಓಟಿಗೆ ಸೋತರು.
ಎಣಿಕೆ ಇಲ್ಲೇ, ಶಿವಮೊಗ್ಗದ ಕಾಲೇಜಿನಲ್ಲಿ.
ಸಂಜೆ ನನ್ನ ಮಾಳಿಗೆ ಮೆಟ್ಟಿಲು ಹತ್ತಿ ಬಂದರು ಒಬ್ಬರೇ.
ಕೈಯಲ್ಲಿ ಎಲೆಪೊಟ್ಟಣ.
ಗೆದ್ದರೆ ಹಾಕಲೆಂದು ಯಾರೋ ತಂದಿದ್ದ ಸುಗಂಧರಾಜ.
"ನೀರಲ್ಲಿಡು, ಬಾಡುತ್ತೆ."
ಕಾಫಿ ಕುಡಿದರು, ಸಕ್ಕರೆ ಬೇಡವೆಂದು.
ಆಮೇಲೆ, ಬಸ್ಸಿನ ವೇಳೆ ಕೇಳುವ ಹಾಗೆ:

"ಮೊದಲ ದಿನ ನಕ್ಕರಲ್ಲ, ಅದರಲ್ಲಿ ನೀನೂ ಇದ್ದೆಯಾ?"

ಕೆಳಗೆ ಹೊಲಿಗೆ ಯಂತ್ರ ನಿಂತು ಮತ್ತೆ ಶುರುವಾಯಿತು.
ಇದ್ದೆ, ಎಂದೆ.

"ಗೊತ್ತು. ನಿನ್ನ ಹೆಗಲು ಅಲುಗಿತ್ತು."
ಲೋಟ ತಾವೇ ತೊಳೆದಿಟ್ಟು ಹೊರಟರು.
ಬೇಡವೆಂದು ತಡೆಯಲು ಎದ್ದವಳು ನಾನು,
ತಡೆಯಲಿಲ್ಲ.

ಹುಡುಗಿಯರೇ, ನಿಮ್ಮ ನಾಲ್ಕು ಮಾತಿಗೆ
ನನ್ನಲ್ಲಿರುವುದು ಒಂದು ತಿದ್ದುಪಡಿ.
ಮೊದಲ ಅಧಿವೇಶನ, ಬಾವಿಯ ಪ್ರಶ್ನೆ,
ಕೆಟ್ಟಿತಾ ನೋಡಿ ಹೇಳಿ ಎಂಬಲ್ಲಿ
ಹೀಗೆ ಓದಿಕೊಳ್ಳಿ:

(ನಗು. ಬರೆದುಕೊಳ್ಳುತ್ತಿದ್ದವಳದೂ ಸೇರಿ.)