ಕೊಸರು

ನೂರಕ್ಕೆ ಎಂಬತ್ತೇಳು ಅಂದೆ.
ಅಬ್ಬಾ ಭಟ್ಟಿಯ ಮುಂದಿನಿಂದ ಎದ್ದು ಬಂದ,
ರೆಪ್ಪೆಯ ಮೇಲೆ ಉಮಿಯ ಬೂದಿ.
ಕೈ ಕೂಡ ಒರೆಸಿಕೊಳ್ಳದೆ ಕೇಳಿದ:
"ಉಳಿದ ಹದಿಮೂರು ಎಲ್ಲಿ ಹೋದ್ವು?"

ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ.
ಮೂಟೆ ಎಣಿಸುವಾಗ ಒಂದು ಕಡಿಮೆ ಬಿದ್ದರೆ
ಗಾಡಿಯವನನ್ನು ಕೇಳುತ್ತಾನಲ್ಲ, ಹಾಗೆ ಕೇಳಿದ.

ರಾತ್ರಿಯೆಲ್ಲ ನಾನೂ ಹುಡುಕಿದೆ, ಅಬ್ಬಾ.
ಎರಡು, ಅಶೋಕ ಟಾಕೀಸಿನ ರೈಲ್ವೆ ಗೇಟಿನಲ್ಲಿ ಬಿದ್ದಿರಬೇಕು:
ಟ್ಯೂಷನ್ನಿಗೆ ಹೊತ್ತಾದರೂ ಗೂಡ್ಸಿನ ಡಬ್ಬಿ
ಎಣಿಸುತ್ತ ನಿಂತಿದ್ದೆನಲ್ಲ, ಆ ಸಂಜೆ.
ಐವತ್ತೆಂಟು ಡಬ್ಬಿ. ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ.
ಒಂದು, ತಮ್ಮ ಹುಟ್ಟಿದ ರಾತ್ರಿ
ಚಿಗಟೇರಿ ಆಸ್ಪತ್ರೆಯ ಮೆಟ್ಟಿಲ ಮೇಲೆ,
ಮಡಿಲಲ್ಲಿ ಪುಸ್ತಕ, ಪುಸ್ತಕದೊಳಗೆ ನಿದ್ದೆ.
ನಾಲ್ಕು, ಉತ್ತರದ ಹಾಳೆಯಲ್ಲೇ.
ಗೊತ್ತಿದ್ದದ್ದೇ. ಬರೆಯುವಾಗ ನಿನ್ನ ಮುಖ ಬಂತು,
ಬೆವರಿಗೆ ಶಾಯಿ ಹರಡಿತು.
ಉಳಿದವು
ನನಗೆ ಬರುವುದೇ ಇಲ್ಲ, ಅಬ್ಬಾ.
ಅಷ್ಟೇ.

ಇದಾವುದನ್ನೂ ಹೇಳಲಿಲ್ಲ.

ನಾಲ್ಕಕ್ಕೆ ಭಟ್ಟಿ ಹೊತ್ತುತ್ತದೆ.
ಗೋಡೆಯ ಆಚೆ ಅವನು, ಈಚೆ ನಾನು,
ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟು ರಸಾಯನಶಾಸ್ತ್ರ.
ಆಚೆ ಕೆಮ್ಮು, ಜರಡಿ, ಮತ್ತೆ ಕೆಮ್ಮು.
ಈ ಹೊಗೆ ಕುಡಿದ ಓಣಿಗೆ ಒಬ್ಬಳಾದರೂ
ಡಾಕ್ಟರು ಬೇಕು ಅಂತ ಅವನ ಲೆಕ್ಕ.
ಲೆಕ್ಕ ತಪ್ಪಲ್ಲ. ನಾನು ಒಬ್ಬಳೇ, ಅದು ಕಷ್ಟ.
ಅವನ ಟಿವಿಎಸ್ ಮೇಲಿನ ಮೂಟೆ ಕೋಣೆಯಷ್ಟು ದೊಡ್ಡದು,
ಗಾಳಿ ಬಂದರೆ ಹಾರುವಷ್ಟು ಹಗುರ.
ನನ್ನ ಚೀಲ ಚಿಕ್ಕದು.

ಕಾದ ಮರಳಿಗೆ ಬಿದ್ದ ಅಕ್ಕಿಯನ್ನು
ಒಂದು ಉಸಿರಿನಲ್ಲಿ ಎತ್ತಬೇಕು,
ಇನ್ನೊಂದು ಉಸಿರು ತಡೆದರೆ ಅರಳು ಹೋಗಿ ಕರಕಲು:
ಇದನ್ನು ಕಲಿಸಿದವನು ಅವನೇ.

ಭಾನುವಾರ ಅಂಗಡಿಯಲ್ಲಿ ಕೂತಿದ್ದೆ.
ಗಿರಿಜವ್ವ ಬಂದಳು, ಸೆರಗಿನ ಗಂಟು ಬಿಚ್ಚುತ್ತ.
ಅಬ್ಬಾ ಸೇರು ತುಂಬಿದ, ಸುರಿದ,
ಮೇಲೊಂದು ಹಿಡಿ ಹಾಕಿದ,
ಅವಳು ಕೇಳದಿದ್ದರೂ ಮತ್ತೊಂದು ಹಿಡಿ.
ಕೊಸರಿಲ್ಲದ್ದು ಅಳತೆಯೇ ಅಲ್ಲ ಅಂತ
ಅವನು ಎಲ್ಲರಿಗೂ ಹೇಳುವ ಮಾತು.

"ನಂದಕ್ಕೂ ಒಂದು ಹಿಡಿ ಹಾಕು, ಅಬ್ಬಾ."
ಬಾಯಿಂದ ಜಾರಿಯೇ ಹೋಯಿತು.

"ಏನಕ್ಕೆ?"
"ಎಂಬತ್ತೇಳಕ್ಕೆ."

ಸೇರು ಅವನ ಕೈಯಲ್ಲೇ ನಿಂತಿತು.
ಗಿರಿಜವ್ವ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ
ಚಿಲ್ಲರೆ ಎಣಿಸುವುದನ್ನು ಮತ್ತೆ ಮೊದಲಿಂದ ಶುರು ಮಾಡಿದಳು.

"ಫಿಸಿಕ್ಸು ಯಾವತ್ತು?" ಅಂದ, ತುಸು ಹೊತ್ತಿನ ಮೇಲೆ.
"ಗುರುವಾರ."
ಎಷ್ಟು ಬರತ್ತೆ ಅಂತ ಕೇಳಲು ಬಾಯಿ ತೆರೆದವನು
ಮಂಡಕ್ಕಿಯ ನಾಲ್ಕು ಕಾಳು
ಅದರೊಳಗೆ ಹಾಕಿಕೊಂಡ.