ಮೇಲಿನ ತುಂಡು

ಶಾಲೆಯ ಗೋಡೆಗೆ ಜಿಲ್ಲೆಯ ನಕಾಶೆ ಬರೆಯಲು ಬಂದ ಪೇಂಟರ್ ಗೋವಿಂದು
ಒಂಬತ್ತು ತಾಲ್ಲೂಕಿಗೆ ಬಣ್ಣ ತುಂಬಿ
ಕೆಳಗಿಳಿದು ಬೀಡಿ ಹಚ್ಚಿದ.
ಮೇಲೆ, ಕಿಟಕಿಯ ಪಕ್ಕ, ಬೇರೆಯಾಗಿ ಉಳಿದಿದ್ದ ತುಂಡನ್ನು
ಕುಂಚದಿಂದ ಸಿಡಿದ ಹನಿ ಅಂದುಕೊಂಡು
ಒರೆಸಲು ಬಟ್ಟೆ ಹುಡುಕಿದ.
ಅದು ನಾವು, ಪಾವಗಡ, ಅಂದೆ.

ಸುತ್ತ ಏನು ಬರೀಲಿ ಮೇಡಂ?
ಪಡುವಲಲ್ಲಿ ಚಿತ್ರದುರ್ಗ, ಅಂಗೈಯಷ್ಟು.
ಮಿಕ್ಕದ್ದೆಲ್ಲ ಆಂಧ್ರ.
ಅಕ್ಷರಕ್ಕೆ ಜಾಗ ಸಾಲದೆ ಬರೀ ನೀಲಿ ಬಳಿದು ಹೋದ.
ಮೂರನೇ ಕ್ಲಾಸಿನ ನಾಗವೇಣಿ ಕೇಳಿದಳು: ನಾವು ದ್ವೀಪಾನಾ ಮಿಸ್?
ಹೌದು ಕಣೆ,
ಕೊಡ ಹಿಡಿದು ಸಾಲಲ್ಲಿ ನಿಂತಿರುವ ದ್ವೀಪ.

ತುಮಕೂರಿನ ಬಸ್ಸು ಮಡಕಶಿರದ ಮೇಲೆ ಹೋಗುತ್ತದೆ.
ಅಷ್ಟು ಹೊತ್ತು ನಾವು ಬೇರೆ ಸರ್ಕಾರದ ನೆಲದಲ್ಲಿ.
ಕಂಡಕ್ಟರ್ ಅದೇ, ಕೊಡದೆ ಉಳಿಸಿಕೊಂಡ ಚಿಲ್ಲರೆ ಅದೇ,
ಗೋಡೆಗಳ ಮೇಲೆ ಕೈಮುಗಿಯುವ ಮುಖಗಳು ಮಾತ್ರ ಬೇರೆ.
ನಿದ್ದೆ ಹೋದವರಿಗೆ ಗಡಿಯಿಲ್ಲ.

ಗಣತಿಯಲ್ಲಿ ನನ್ನ ಪಾಲಿಗೆ ಬಂದದ್ದು ಜಾಲಿಹಟ್ಟಿ.
ನೂರಾ ಹನ್ನೆರಡು ಮನೆ, ಒಂದು ಹಿಟ್ಟಿನ ಗಿರಣಿ, ಎರಡು ಪಕ್ಷ;
ಅಣ್ಣ ಒಂದರಲ್ಲಿದ್ದರೆ ತಮ್ಮ ಇನ್ನೊಂದರಲ್ಲಿ,
ಯಾರು ಗೆದ್ದರೂ ಮನೆಗೊಂದು ಆಸರೆ ಇರಲಿ ಅಂತ.

ಮಾರೆಕ್ಕನ ಬಾಗಿಲು ಕರ್ನಾಟಕಕ್ಕೆ ತೆರೆಯುತ್ತದೆ,
ಅವಳ ಕೋಳಿ ಬೇಲಿ ದಾಟಿ ಆಂಧ್ರದಲ್ಲಿ ಮೊಟ್ಟೆ ಇಡುತ್ತದೆ.
ಮಾತೃಭಾಷೆ? ಅಂದೆ. ಕಾಲಂ ಒಂದೇ.
ಕೋಳಿಯನ್ನು ತೆಲುಗಿನಲ್ಲಿ ಅಟ್ಟಿ, ಸೊಸೆಯನ್ನು ಕನ್ನಡದಲ್ಲಿ ಬೈದು,
ನನ್ನ ಕಡೆ ತಿರುಗಿದಳು:
"ಕನ್ನಡ ಅಂತ ಬರ್ಕೊ ತಾಯಿ.
ತೆಲುಗು ಯಾಡಿಕಿ ಪೋತಾದಿ, ಇಲ್ಲೇ ಬಿದ್ದಿರ್ತೈತೆ."

ಊರಾಚೆ ಕರೀ ಹಲಗೆಗಳು, ಸಾಲು ಸಾಲು, ಆಕಾಶ ನೋಡುತ್ತ.
ಬಿಸಿಲನ್ನೂ ಗುತ್ತಿಗೆಗೆ ಕೊಟ್ಟಾಯಿತು.
ಜಮೀನಿದ್ದವರಿಗೆ ವರ್ಷಕ್ಕೊಮ್ಮೆ ಬ್ಯಾಂಕಿನ ಮೆಸೇಜು.
ಕುರಿ ಕಾಯುವ ಸಣ್ಣೋಬಯ್ಯನಿಗೆ ಜಮೀನಿಲ್ಲ,
ಅವನ ಬಿಸಿಲು ಇನ್ನೂ ಅವನದೇ.
ವಯಸ್ಸು? ಅಂದೆ. "ಮೊದಲನೇ ವೋಟು ಹಾಕ್ದಾಗ
ನಮ್ಮ ಕೇರಿಯೋರ್ನ ಸಾಲಿನ ಕೊನೇಲಿ ನಿಲ್ಸಿದ್ರು, ಲೆಕ್ಕ ಹಾಕ್ಕೊ."
ಲೆಕ್ಕ ಹಾಕಿದೆ. ಎಪ್ಪತ್ತೆರಡು ಅಂತ ಬರೆದೆ.

ಮತದಾನಕ್ಕೆ ಮುಂಚೆ ನಮ್ಮ ಕಡೆಯ ಬ್ರಾಂದಿ ಅಂಗಡಿಗೆ ಸೀಲು ಬೀಳುತ್ತದೆ.
ಎರಡು ಫರ್ಲಾಂಗು ನಡೆದರೆ ಸಾಕು,
ಅಲ್ಲಿ ಪ್ರಜಾಪ್ರಭುತ್ವ ಇನ್ನೂ ಶುರುವಾಗಿರುವುದಿಲ್ಲ.

ಹೋದ ಸಲದ ಪಂಚಾಯ್ತಿಯಲ್ಲಿ
ಓಬಳಪತಿಗೆ ಇನ್ನೂರಾ ಆರು,
ದಾದಾಪೀರನಿಗೂ ಇನ್ನೂರಾ ಆರು.
ಮೂರು ಸಲ ಎಣಿಸಿದರು.
ಆಮೇಲೆ ಸ್ಟೀಲ್ ಡಬ್ಬಿಗೆ ಎರಡು ಚೀಟಿ ಹಾಕಿ
ನಾಗವೇಣಿಯ ಕೈ ಇಳಿಸಿದರು.
ಗೆದ್ದ ದಾದಾಪೀರ್ ಹಾರದೊಳಗೆ ಕಾಣದಾದ;
ಸೋತವನು ಮಗುವಿಗೆ ಬಿಸ್ಕತ್ತು ಕೊಡಿಸಿದ.

ಅಂದಿನಿಂದ ಅರಳೀಕಟ್ಟೆಯ ಮೇಲೆ ಒಂದೇ ಮಾತು:
ಬಾರದೆ ಹೋದ ಆ ಒಂದು ವೋಟು ಯಾರದು?
ಹಿಂದೂಪುರದ ಮಿಲ್ಲಿನಲ್ಲಿ ಶಿಫ್ಟು ಸಿಕ್ಕವನದು ಅಂದರು,
ಅವತ್ತೇ ಹೆರಿಗೆಗೆ ಹೋದವಳದು ಅಂದರು.
ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ ಅಂತ
ಯಾರಿಗೂ ನೆನಪಾಗಲಿಲ್ಲ.
ಅವತ್ತು ನಾನು ಇಪ್ಪತ್ತು ಮೈಲಿಯಾಚೆಯ ಬೂತಿನಲ್ಲಿ
ಐನೂರು ಬೆರಳಿಗೆ ಮಸಿ ಹಚ್ಚುತ್ತಿದ್ದೆ.
ಚೆಲ್ಲಿದ ಮಸಿ ಸೀರೆಗಾಯಿತು, ಬೆರಳಿಗಲ್ಲ.

ಯಾರಿಗೆ ಹಾಕುತ್ತಿದ್ದೆ ಅಂತ ಕೇಳಬೇಡಿ.
ಶಾಲೆಗೆ ಗೇಟು ಹಾಕಿಸಿದವನು ಒಬ್ಬ,
ಮಳೆಯಲ್ಲಿ ಬಸ್ಸು ತಪ್ಪಿದಾಗ ಆಟೋ ನಿಲ್ಲಿಸಿದವನು ಇನ್ನೊಬ್ಬ.

ನಿನ್ನೆ ಸಂಜೆ ಜಾಲಿಹಟ್ಟಿ ಮುಗಿಸಿ
ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತಿದ್ದೆ.
ಟೌನಿನಲ್ಲಿ ನಮ್ಮ ಬೀದಿಯ ಗಣತಿಗೆ ಬಿದ್ದ ತಿಪ್ಪೇಶಿ ಮೇಷ್ಟ್ರ ಫೋನು:
"ಮೂರು ಸಲ ಬಂದೆ, ಮೂರು ಸಲವೂ ಬೀಗ.
ಏನು ಬರೀಲಿ ಮೇಡಂ, ಎಷ್ಟು ಜನ?"
ಒಬ್ಬಳು, ಅಂದೆ.
"ಕಸುಬು?"
ಎಣಿಸೋದು.
ನಕ್ಕರು. "ಭಾಷೆ?"

ಬಸ್ಸು ಬಂತು.
ಕಂಡಕ್ಟರ್ ಎರಡರಲ್ಲೂ ಕೂಗುತ್ತಿದ್ದ.